ಹಳೆಯ ಕಾರಿಗೆ ದೊಡ್ಡ ಕಾರ್ಬೊರೇಟರ್ ಹಾಕಿದರೆ ಪಿಕಪ್ ಹೆಚ್ಚುತ್ತದೆಯೇ?

ಹಳೆಯ ಪ್ರೀಮಿಯರ್ ಪದ್ಮಿನಿಯ ಎಂಜಿನ್ ಬಿಚ್ಚಿಸಿ, ಬೋರ್ ಮಾಡಿಸಿ, ಹೊಸ ಪಿಸ್ಟನ್, ರಿಂಗ್ ಹಾಕಿಸಿದವರಿಗೆ ಗ್ಯಾರೇಜಿನಲ್ಲಿ ಎರಡು ಸಲಹೆ ಸಿಗುವುದುಂಟು. ‘ಕಾರ್ಬೊರೇಟರ್ ಹೇಗೂ ಸವೆದಿದೆ, ಸ್ವಲ್ಪ ದೊಡ್ಡದನ್ನೇ ಹಾಕಿ, ಪಿಕಪ್ ಬರುತ್ತೆ’ ಎನ್ನುವುದು ಒಂದು. ‘ಹೊಸ ಎಂಜಿನ್ ಅಲ್ವಾ, ಪೆಟ್ರೋಲ್ ಜಾಸ್ತಿನೇ ಹೋಗಲಿ, ತಂಪಾಗಿರುತ್ತೆ’ ಎನ್ನುವುದು ಇನ್ನೊಂದು. ಇವೆಷ್ಟು ನಿಜ?

ಮೊದಲು ಗಾಳಿಯ ಲೆಕ್ಕ ನೋಡೋಣ. ಪದ್ಮಿನಿಯದು 1089 ಸಿಸಿ ಎಂಜಿನ್. ನಾಲ್ಕು ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಸಿಸಿಯಷ್ಟು ಗಾಳಿ ಎಳೆಯುತ್ತದೆ. ನಿಮಿಷಕ್ಕೆ 4,800 ಸುತ್ತು ತಿರುಗಿದರೆ ಸುಮಾರು 2,600 ಲೀಟರ್. ಸಿಲಿಂಡರ್ ಯಾವತ್ತೂ ಪೂರ್ತಿ ತುಂಬುವುದಿಲ್ಲ. 80% ತುಂಬುತ್ತದೆ ಎಂದುಕೊಂಡರೂ ಬೇಕಾಗುವುದು 2,100 ಲೀಟರಿನಷ್ಟು. ಕಾರ್ಬೊರೇಟರ್ ಇದರ ಎರಡರಷ್ಟು ಬಿಡುವಂತಿದ್ದರೂ ಎಂಜಿನ್ ಎಳೆಯುವುದು ಇಷ್ಟನ್ನೇ.

ಹೆಚ್ಚಿದ್ದರೆ ನಷ್ಟವೇನು ಎಂದು ಕೇಳಬಹುದು. ಸೊಳ್ಳೆಗೆ ಹೊಡೆಯುತ್ತಿದ್ದ ಹಳೆಯ ಫ್ಲಿಟ್ ಪಂಪ್ ನೆನಪಿದೆಯೇ? ಅದರಲ್ಲಿ ಗಾಳಿ ಜೋರಾಗಿ ನುಗ್ಗಿದಾಗ ಕೊಳವೆಯ ಬಾಯಲ್ಲಿ ಒತ್ತಡ ಇಳಿದು ಔಷಧಿ ಮೇಲೇರಿ ಸಿಂಪಡಣೆಯಾಗುತ್ತಿತ್ತು. ಕಾರ್ಬೊರೇಟರ್ ಮಾಡುವುದೂ ಇದನ್ನೇ. ಅದರ ಗಂಟಲಿನ ಕಿರಿದಾದ ಭಾಗವಾದ ವೆಂಚುರಿಯಲ್ಲಿ ಗಾಳಿಯ ವೇಗ ಹೆಚ್ಚುತ್ತದೆ, ಒತ್ತಡ ಇಳಿಯುತ್ತದೆ, ಜೆಟ್ ಮೂಲಕ ಪೆಟ್ರೋಲ್ ಎಳೆದುಕೊಳ್ಳುತ್ತದೆ. ಗಂಟಲು ಅತಿ ಅಗಲವಾದರೆ ಗಾಳಿ ನಿಧಾನವಾಗಿ, ಪೆಟ್ರೋಲ್ ಸರಿಯಾಗಿ ಏಳುವುದಿಲ್ಲ. ಎದ್ದದ್ದೂ ದಪ್ಪ ಹನಿಗಳಾಗಿ ಹೋಗುತ್ತದೆ. ಸಿಗ್ನಲ್‌ನಲ್ಲಿ ಆಕ್ಸಿಲರೇಟರ್ ಒತ್ತಿದ ತಕ್ಷಣ ಎಂಜಿನ್ ಗಕ್ಕನೆ ತಡವರಿಸುತ್ತದೆ. ಪಿಕಪ್‌ಗೆಂದು ಹಾಕಿಸಿದ್ದು ಪಿಕಪ್ಪನ್ನೇ ತಿನ್ನುತ್ತದೆ.

ಆದ್ದರಿಂದ ಆ ಎಂಜಿನ್‌ಗೆ ಕಂಪನಿ ಕೊಟ್ಟಿದ್ದ ಅಳತೆಯ ಕಾರ್ಬೊರೇಟರೇ ಒಳ್ಳೆಯದು. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಥ್ರಾಟಲ್ ಶಾಫ್ಟ್ ಹಿಡಿದು ಅಲ್ಲಾಡಿಸಿ ನೋಡಿ. ಹೊರಗೆ ಎಷ್ಟೇ ಪಾಲಿಶ್ ಮಾಡಿದ್ದರೂ ಶಾಫ್ಟ್ ಸಡಿಲವಿದ್ದರೆ ಆ ಸಂದಿನಿಂದ ಗಾಳಿ ನುಗ್ಗಿ ಐಡ್ಲಿಂಗ್ ಯಾವತ್ತೂ ಒಂದೇ ಸಮ ನಿಲ್ಲುವುದಿಲ್ಲ.

ಎರಡನೇ ಸಲಹೆ ಇನ್ನೂ ದುಬಾರಿ. ಹೊಸ ರಿಂಗ್‌ಗಳು ಸಿಲಿಂಡರ್ ಗೋಡೆಗೆ ಕೂರುವುದು ಮೊದಲ ಕೆಲವು ನೂರು ಕಿಲೋಮೀಟರ್‌ಗಳಲ್ಲಿ. ಆಗ ಉರಿಯದೆ ಉಳಿದ ಪೆಟ್ರೋಲ್ ಗೋಡೆಯ ಮೇಲಿನ ಆಯಿಲ್ ಪದರವನ್ನು ತೊಳೆದುಬಿಡುತ್ತದೆ, ಕೆಳಗಿಳಿದು ಆಯಿಲನ್ನೂ ತೆಳುವಾಗಿಸುತ್ತದೆ. ರಿಂಗ್ ಕೂರುವ ಬದಲು ಸವೆಯುತ್ತದೆ. ಬೋರಿಂಗ್‌ಗೆ ಸುರಿದ ದುಡ್ಡು ಹೊಗೆಯಾಗಿ ಹೋಗುವುದು ಹೀಗೆ. ಹಾಗೆಂದು ಮೈಲೇಜ್ ಆಸೆಗೆ ಪೆಟ್ರೋಲ್ ತೀರಾ ಕಡಿತ ಮಾಡಿದರೆ ಎಂಜಿನ್ ಕಾದು ಎಕ್ಸಾಸ್ಟ್ ವಾಲ್ವ್ ಸುಡುತ್ತದೆ.

ಇಲ್ಲಿ ಈಗಿನ ಪೆಟ್ರೋಲಿನ ವಿಷಯ ಬರುತ್ತದೆ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. 20% ಎಥೆನಾಲ್ ಬೆರೆತ ಇ20ಗೆ ಸುಮಾರು 13.5 ಸಾಕು. ಅಂದರೆ ಅಷ್ಟೇ ಗಾಳಿಗೆ 8–9% ಹೆಚ್ಚು ಇಂಧನ ಬೇಕು. ಹೊಸ ಕಾರಿನ ಕಂಪ್ಯೂಟರ್ ಇದನ್ನು ತಾನೇ ಸರಿಪಡಿಸಿಕೊಳ್ಳುತ್ತದೆ, ಕಾರ್ಬೊರೇಟರ್‌ಗೆ ಆ ಬುದ್ಧಿ ಇಲ್ಲ. ಸೋಲೆಕ್ಸ್ ಜೆಟ್ ಮೇಲಿನ 120 ಎಂಬ ಅಂಕಿ ಎಂದರೆ 1.20 ಮಿಲಿಮೀಟರ್ ರಂಧ್ರ. 125 ಹಾಕಿದರೆ ರಂಧ್ರದ ವಿಸ್ತೀರ್ಣ ಸುಮಾರು 8.5% ಹೆಚ್ಚುತ್ತದೆ, ಲೆಕ್ಕ ಸರಿಹೋಗುತ್ತದೆ.

ಆದರೆ ಇದು ಮಂಗಳೂರಿನ ಲೆಕ್ಕ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಗಾಳಿ ತೆಳುವಾಗಿರುವುದರಿಂದ ಅದೇ ಜೆಟ್ ಇಲ್ಲಿ 4–5% ಹೆಚ್ಚು ಪೆಟ್ರೋಲ್ ಕೊಟ್ಟಂತಾಗುತ್ತದೆ. ಎಥೆನಾಲ್ ಮಾಡಿದ ಕೊರತೆಯಲ್ಲಿ ಅರ್ಧವನ್ನು ಊರಿನ ಎತ್ತರವೇ ತುಂಬಿಸುತ್ತದೆ! ಹಾಗಾಗಿ ಇನ್ನೊಂದೂರಿನ ಗೆಳೆಯರ ಜೆಟ್ ನಂಬರನ್ನು ಕಣ್ಣುಮುಚ್ಚಿ ನಕಲು ಮಾಡಬೇಡಿ. ಜೊತೆಗೆ, ಹಳೆಯ ರಬ್ಬರ್ ಪೈಪ್, ಪಂಪಿನ ಡಯಾಫ್ರಾಮ್‌ಗಳನ್ನು ಎಥೆನಾಲ್ ಮೆತ್ತಗಾಗಿಸಬಹುದು, ಬಿರುಕು ಬಿಡಿಸಬಹುದು. ಅದನ್ನು ತಾಳುವಂಥವನ್ನೇ ಕೇಳಿ ಹಾಕಿಸಿ. ಪೆಟ್ರೋಲ್ ಸೋರಿದರೆ ಕೆಳಗಿರುವುದು ಬಿಸಿ ಎಕ್ಸಾಸ್ಟ್.

ಟ್ಯೂನಿಂಗ್‌ನಲ್ಲಿ ಕಾರ್ಬೊರೇಟರ್ ಸರದಿ ಕೊನೆಯದು. ಟ್ಯಾಪೆಟ್, ಪಾಯಿಂಟ್ ಗ್ಯಾಪ್, ಟೈಮಿಂಗ್ ಸರಿಯಾಗದೆ ಸ್ಕ್ರೂ ತಿರುಗಿಸುತ್ತಾ ಕೂತರೆ ದಿನ ಮುಗಿಯುತ್ತದೆಯೇ ಹೊರತು ಕೆಲಸ ಮುಗಿಯುವುದಿಲ್ಲ. ಎಂಜಿನ್ ಆಫ್ ಇದ್ದಾಗಲೇ ಮಿಕ್ಸ್ಚರ್ ಸ್ಕ್ರೂವನ್ನು ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ, ಒಂದೂವರೆ ಸುತ್ತು ಹೊರಗೆ ತನ್ನಿ. ಒತ್ತಿ ಬಿಗಿದರೆ ಅದರ ಚೂಪು ತುದಿ ಹಾಳಾಗುತ್ತದೆ. ಆಮೇಲೆ ಸ್ಟಾರ್ಟ್ ಮಾಡಿ, ಪೂರ್ತಿ ಬಿಸಿಯಾಗಲು ಬಿಡಿ. ಚೋಕ್ ಎಳೆದಿರಬಾರದು. ಕಾಲು ಸುತ್ತಿನಂತೆ ಆಚೀಚೆ ತಿರುಗಿಸುತ್ತಾ ಐಡ್ಲಿಂಗ್ ಅತಿ ಹೆಚ್ಚಾಗುವ ಜಾಗ ಹುಡುಕಿ, ಹೆಚ್ಚಿದ ವೇಗವನ್ನು ಐಡ್ಲಿಂಗ್ ಸ್ಕ್ರೂನಿಂದ ಇಳಿಸಿ.

ಮುಖ್ಯ ಜೆಟ್ ಸರಿಯಿದೆಯೇ ಎಂಬುದು ನಿಂತ ಕಾರಿನಲ್ಲಿ ಗೊತ್ತಾಗುವುದಿಲ್ಲ. ಖಾಲಿ ರಸ್ತೆಯಲ್ಲಿ ಹತ್ತು ಹದಿನೈದು ಕಿಲೋಮೀಟರ್ ಒಂದೇ ವೇಗದಲ್ಲಿ ಓಡಿಸಿ, ಎಂಜಿನ್ ಆಫ್ ಮಾಡಿ, ತಣಿದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ. ಒಳಗಿನ ಪಿಂಗಾಣಿ ಕಾಫಿಪುಡಿ ಬಣ್ಣಕ್ಕೆ ತಿರುಗಿದ್ದರೆ ಸರಿ. ಕಪ್ಪು ಮಸಿ ಹಿಡಿದಿದ್ದರೆ ಜೆಟ್ ಒಂದು ಅಳತೆ ಚಿಕ್ಕದಾಗಲಿ, ಸುಣ್ಣದಂತೆ ಬೆಳ್ಳಗಾಗಿದ್ದರೆ ಒಂದು ಅಳತೆ ದೊಡ್ಡದಾಗಲಿ.