ಜಿಪ್ಸಿ ಕಟ್ಟೋ ಕಥೆ, ಭಾಗ 7: ಬಂಪರ್ ಆಮೇಲೆ, ಸೀಲ್ ಮೊದ್ಲು

(ಉದ್ದ ಇದೆ. ಐದು ಪೋಸ್ಟಲ್ಲಿ ಹಾಕ್ತಿದೀನಿ. ಸೇವ್ ಮಾಡ್ಕೊಂಡು ಮೆಟ್ರೋದಲ್ಲಿ ಓದಿ.)

1/5

ಹೋದ ಭಾಗಕ್ಕೆ ಬಂದ ಕಾಮೆಂಟ್ ಎಲ್ಲಾ ಓದಿದೆ. "ಟೈರ್ ಯಾವ್ದು ಮಗಾ?" "ಎಷ್ಟು ಇಂಚು ಲಿಫ್ಟ್?" "ಎಲ್‌ಇಡಿ ಬಾರ್ ಹಾಕಲ್ವಾ?" "ಆರ್ಮಿ ಗ್ರೀನ್ ಹೊಡಿ ಗುರು, ಮಾಸ್ ಆಗಿರುತ್ತೆ." ಒಬ್ರಾದ್ರೂ ಸೀಲ್ ಬಗ್ಗೆ ಕೇಳಿಲ್ಲ. ನಿಮ್ಮ ತಪ್ಪಲ್ಲ ಬಿಡಿ. ಸೀಲ್ ಫೋಟೋದಲ್ಲಿ ಕಾಣಲ್ಲ, ರೀಲ್ಸಲ್ಲಿ ಅಂತೂ ಇಲ್ಲವೇ ಇಲ್ಲ.

(ಆರ್ಮಿ ಗ್ರೀನ್ ಅಂದವ್ರಿಗೆ: ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ಆಲಿವ್ ಗ್ರೀನ್ ಬಣ್ಣ ರಕ್ಷಣಾ ಇಲಾಖೆ ಗಾಡಿಗಳಿಗೆ ಮಾತ್ರ. ಆ ಆಸೆ ಬಿಟ್ಬಿಡಿ.)

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಹಳೆ ಫೋರ್ ಬೈ ಫೋರ್ ಗಾಡಿ ಬಿಚ್ಚಿ ಮತ್ತೆ ಜೋಡಿಸ್ತಾ ಇದ್ದೀರ ಅಂದ್ರೆ, ಜೇಬಲ್ಲಿರೋ ಮೊದಲ ದುಡ್ಡು ರಬ್ಬರಿಗೆ ಹೋಗ್ಬೇಕು. ಆಯಿಲ್ ಸೀಲ್, ಗ್ಯಾಸ್ಕೆಟ್, ಬ್ರೇಕ್ ಕಿಟ್, ಪೆಟ್ರೋಲ್ ಹೋಸ್. ಉಳಿದ್ರೆ ಟೈರ್. ಅದೂ ಉಳಿದ್ರೆ ಬಂಪರ್. ನಮ್ಮ ಕಡೆ ಇದು ಪೂರ್ತಿ ಉಲ್ಟಾ ನಡೀತಿದೆ. ಜೆಪಿ ನಗರದಿಂದ ಬಿಟಿಎಂ ತನಕ ಎಷ್ಟೊಂದು ಹಳೆ ಜಿಪ್ಸಿ, ಎಂಎಂ 540 ನೋಡಿದೀನಿ. ಮೇಲೆ ಹೊಸ ಪೇಂಟು, ಕೆಳಗೆ ಕಾಂಕ್ರೀಟ್ ಮೇಲೆ ಕಪ್ಪು ಮಚ್ಚೆ.

ಗೊತ್ತಿಲ್ಲದವ್ರಿಗೆ ಚಿಕ್ಕದಾಗಿ: ಮಾರುತಿ ಜಿಪ್ಸಿ ಬಂದಿದ್ದು 1985ರ ಡಿಸೆಂಬರಲ್ಲಿ, 970 ಸಿಸಿ ಎಂಜಿನ್ ಜೊತೆ. 1996ರಲ್ಲಿ 1298 ಸಿಸಿ ಬಂತು. ಅಂದ್ರೆ 970 ಸಿಸಿ ಗಾಡಿ ಯಾವ್ದೇ ಇರ್ಲಿ, ಅದರ ವಯಸ್ಸು ನಮ್ಮೆಲ್ಲರಿಗಿಂತ ಜಾಸ್ತಿ. ಅದರೊಳಗಿನ ರಬ್ಬರಿಗೂ ಅಷ್ಟೇ ವಯಸ್ಸಾಗಿದ್ರೆ ಎಣ್ಣೆ ಸೋರದೆ ಇನ್ನೇನಾಗುತ್ತೆ?

2/5

ಸ್ಲೈಡ್ 2ರಲ್ಲಿರೋ ಕಪ್ಪು ಗಂಜಿ ತರದ್ದು ನೋಡಿ. ಅದು ಮುಂದಿನ ಚಕ್ರದ ಹಿಂದಿನಿಂದ ಇಳಿದಿದ್ದು.

ಜಿಪ್ಸಿಯ ಮುಂದಿನ ಆಕ್ಸಲ್ ತುದಿಯಲ್ಲಿ ದೊಡ್ಡ ಕಬ್ಬಿಣದ ಗುಂಡು ಇರುತ್ತೆ. ಅದರೊಳಗೆ ಚಕ್ರ ತಿರುಗಿಸೋ ಜಾಯಿಂಟ್, ಸುತ್ತ ಗ್ರೀಸ್. ಸ್ಟೇರಿಂಗ್ ತಿರುಗಿಸಿದಾಗ ನಕಲ್ ಆ ಗುಂಡಿನ ಮೇಲೆ ಜಾರುತ್ತೆ. ಮಣ್ಣು ನೀರು ಒಳಗೆ ಹೋಗ್ದಂಗೆ ಹೊರಗಡೆ ಒಂದು ಫೆಲ್ಟು, ಒಂದು ರಬ್ಬರ್, ಹಿಡಿದಿಡೋಕೆ ತಗಡಿನ ಪಟ್ಟಿ. ಇದನ್ನೇ ಎಲ್ರೂ ನಕಲ್ ಸೀಲ್ ಅನ್ನೋದು. ಆದ್ರೆ ಒಳಗಡೆ, ಆಕ್ಸಲ್ ಟ್ಯೂಬಿನ ಬಾಯಲ್ಲಿ, ಇನ್ನೊಂದು ಚಿಕ್ಕ ಆಯಿಲ್ ಸೀಲ್ ಇದೆ. ಡಿಫರೆನ್ಷಿಯಲ್ ಎಣ್ಣೆ ಈ ಕಡೆ ಬರದಂತೆ ತಡೆಯೋದು ಅದು.

ಆ ಒಳಗಿನ ಸೀಲ್ ಹೋಯ್ತು ಅಂದ್ಕೊಳ್ಳಿ. ಗೇರ್ ಎಣ್ಣೆ ಗ್ರೀಸ್ ಜೊತೆ ಬೆರೆತು ತೆಳ್ಳಗಾಗುತ್ತೆ, ಹೊರಗಿನ ರಬ್ಬರ್ ದಾಟಿ ಇಳಿಯುತ್ತೆ. ಗ್ಯಾರೇಜಲ್ಲಿ ಏನ್ ಮಾಡ್ತಾರೆ? ಕಣ್ಣಿಗೆ ಕಾಣೋ ಹೊರಗಿನ ಸೀಲ್ ಬದಲಾಯಿಸ್ತಾರೆ. ಸ್ವಲ್ಪ ದಿನ ಆದ್ಮೇಲೆ ಮತ್ತೆ ಅದೇ ಕಪ್ಪು. ಆಮೇಲೆ "ಮಾರ್ಕೆಟ್ ಸೀಲ್ ಸರಿ ಇಲ್ಲ ಸಾರ್" ಅಂತಾರೆ. ಪಾಪ, ಆ ಸೀಲ್ ಏನೂ ತಪ್ಪು ಮಾಡಿರಲ್ಲ. ಗಟ್ಟಿ ಗ್ರೀಸ್ ತಡೆಯೋಕೆ ಇರೋದನ್ನ ತೆಳು ಎಣ್ಣೆ ತಡೆ ಅಂದ್ರೆ ಅದು ಹೇಗೆ ತಡೆಯುತ್ತೆ?

ಅದಕ್ಕೇ ಸೋರಿದ ಜಾಗಕ್ಕೆ ಸೀಲ್ ತರೋ ಮುಂಚೆ ಎಣ್ಣೆ ಎಲ್ಲಿಂದ ಬಂತು ಅಂತ ಹುಡುಕಿ. ಗಟ್ಟಿ ಗ್ರೀಸ್ ಬಂದಿದ್ರೆ ಹೊರಗಿನದ್ದು. ಗೇರ್ ಎಣ್ಣೆ ಗಬ್ಬುವಾಸನೆ ಇದ್ರೆ ಒಳಗಿನದ್ದು. ಜೊತೆಗೆ ಆಕ್ಸಲ್ ಮೇಲಿನ ಬ್ರೀದರ್ ನೋಡಿ. ಅದರಲ್ಲಿ ಮಣ್ಣು ಕಟ್ಟಿದ್ರೆ, ಗಾಡಿ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಎಣ್ಣೆಯನ್ನ ಸೀಲಿನಾಚೆ ತಳ್ಳುತ್ತೆ. ಪಿನ್ನಲ್ಲಿ ಚುಚ್ಚಿ ಕ್ಲೀನ್ ಮಾಡೋ ಕೆಲಸ. ಒಂದು ರೂಪಾಯಿ ಖರ್ಚಿಲ್ಲ.

ಇನ್ನೊಂದು, ಶಾಫ್ಟ್. ಹಳೆ ಸೀಲಿನ ತುಟಿ ವರ್ಷಗಟ್ಟಲೆ ಒಂದೇ ಕಡೆ ಉಜ್ಜಿ ಕಬ್ಬಿಣದಲ್ಲೇ ಗೆರೆ ಕೊರೆದಿರುತ್ತೆ. ಉಗುರಲ್ಲಿ ಗೀಚಿ. ಉಗುರು ಸಿಕ್ಕೊಂಡ್ರೆ ಯಾವ ಬ್ರ್ಯಾಂಡಿನ ಸೀಲ್ ಹಾಕಿದ್ರೂ ಸೋರುತ್ತೆ. ಜಾಗ ಇದ್ರೆ ಹೊಸ ಸೀಲನ್ನ ಒಂದೆರಡು ಮಿಲಿಮೀಟರ್ ಹಿಂದೆ ಮುಂದೆ ಕೂರಿಸ್ಬಹುದು. ಇಲ್ಲಾಂದ್ರೆ ಶಾಫ್ಟ್ ಮೇಲೆ ತೆಳು ಸ್ಟೀಲ್ ಸ್ಲೀವ್ ಹಾಕ್ಬೇಕು. ಜಾಸ್ತಿ ಜನ ಈ ಹೆಜ್ಜೆ ಹಾರಿಸ್ತಾರೆ. ಯಾಕಂದ್ರೆ ಇದಕ್ಕೆ ಪ್ಯಾಕೆಟ್ಟಲ್ಲಿ ಸಿಗೋ ಉತ್ತರ ಇಲ್ಲ, ಯೋಚ್ನೆ ಮಾಡ್ಬೇಕು.

3/5

ಈಗ ಅಂಗಡಿ. ನಮಗೆಲ್ಲ ಅದೃಷ್ಟ. ಜಯನಗರದಲ್ಲೋ ಬನಶಂಕರಿಯಲ್ಲೋ ಗ್ರೀನ್ ಲೈನ್ ಹತ್ತಿದ್ರೆ ಕೆ.ಆರ್. ಮಾರ್ಕೆಟಲ್ಲಿ ಇಳಿದು ನಡ್ಕೊಂಡೇ ಜೆ.ಸಿ. ರಸ್ತೆ. ಟೌನ್ ಹಾಲಿಂದ ಮಿನರ್ವ ಸರ್ಕಲ್ ತನಕ ಮತ್ತು ಕಲಾಸಿಪಾಳ್ಯದ ಗಲ್ಲಿಗಳಲ್ಲಿ ಹುಡುಕಿದ್ರೆ ಹಳೆ ಗಾಡಿಗೆ ಬೇಕಾದ್ದು ಬಹಳಷ್ಟು ಸಿಗುತ್ತೆ. ಕೇಳೋಕೆ ಬರ್ಬೇಕು ಅಷ್ಟೆ.

"ಅಣ್ಣಾ, ಜಿಪ್ಸಿ ಹಿಂದಿನ ಆಕ್ಸಲ್ ಸೀಲ್ ಕೊಡಿ."
"ಹಳೇದಾ, ಕಿಂಗಾ?"
"ಹಳೇದು, 970."
"ಒರಿಜಿನಲ್ ಬೇಕಾ, ಒರಿಜಿನಲ್ ತರದ್ದು ಬೇಕಾ?"

ಹೀಗೆ ಕೇಳೋ ಅಂಗಡಿ ಒಳ್ಳೆ ಅಂಗಡಿ, ನನ್ನ ಪ್ರಕಾರ. ಕೇಳದೆ ಒರಿಜಿನಲ್ ಅಂತ ಕೊಡೋರ ಹತ್ರ ಹುಷಾರಾಗಿರಿ.

ಗಾಡಿ ಹೆಸರು ಹೇಳಿ ಸುಮ್ನೆ ನಿಲ್ಲಬೇಡಿ, ಅಳತೆ ಹೇಳಿ. ಸೀಲಿನ ಮೇಲೆ ಮೂರು ಸಂಖ್ಯೆ ಅಚ್ಚಾಗಿರುತ್ತೆ. 40-62-10 ಅಂತ ಇದ್ರೆ ಶಾಫ್ಟ್ 40 ಮಿಲಿಮೀಟರ್, ಸೀಲ್ ಕೂರೋ ಗೂಡು 62, ದಪ್ಪ 10 (ಇದು ಉದಾಹರಣೆ, ಜಿಪ್ಸಿ ಅಳತೆ ಅಲ್ಲ, ಇದನ್ನೇ ಹೇಳಿ ತಂದು ನನಗೆ ಬೈಬೇಡಿ). ಅಚ್ಚು ಅಳಿಸಿಹೋಗಿದ್ರೆ ವರ್ನಿಯರಲ್ಲಿ ಶಾಫ್ಟನ್ನೂ ಗೂಡನ್ನೂ ಅಳೀರಿ. ಹಳೆ ಸೀಲನ್ನ ಅಳೀಬೇಡಿ, ಅದರ ತುಟಿ ಸವೆದು ಹಿಗ್ಗಿರುತ್ತೆ. ಟಿಸಿ ಅಂತ ಇದ್ರೆ ಎಣ್ಣೆ ತಡೆಯೋ ತುಟಿ ಜೊತೆ ಧೂಳು ತಡೆಯೋ ಇನ್ನೊಂದು ತುಟಿನೂ ಇದೆ ಅಂತ ಅರ್ಥ. ಎಸ್‌ಸಿ ಅಂದ್ರೆ ಎರಡನೇದು ಇಲ್ಲ. ಕೆಸರಲ್ಲಿ ಓಡೋ ಗಾಡಿಗೆ ಜಾಗ ಇದ್ದ ಕಡೆ ಟಿಸಿನೇ ತಗೊಳ್ಳಿ.

ರಬ್ಬರ್ ಯಾವ್ದು? ಇಲ್ಲಿ ದುಬಾರಿದೇ ಒಳ್ಳೇದು ಅನ್ನೋ ಭ್ರಮೆ ಬೇಡ. ಆಕ್ಸಲ್ ಸೀಲಿಗೆ ಎನ್‌ಬಿಆರ್ ಸಾಕು. ಅದು ಸುಮಾರು 100 ಡಿಗ್ರಿ ತನಕ ಆರಾಮಾಗಿ ತಡೆಯುತ್ತೆ. ಎಂಜಿನ್ ಹಿಂದಿನ ಕ್ರ್ಯಾಂಕ್ ಸೀಲಿಗೆ ಮಾತ್ರ ಕಂಜೂಸ್ ಮಾಡ್ಬೇಡಿ. ಅಲ್ಲಿ ಬಿಸಿ ಜಾಸ್ತಿ, ಸುತ್ತೋ ವೇಗ ಜಾಸ್ತಿ, ಹೋದ್ರೆ ಗೇರ್‌ಬಾಕ್ಸ್ ಇಳಿಸದೆ ಕೈ ಹೋಗಲ್ಲ. 200 ಡಿಗ್ರಿ ತಡೆಯೋ ಎಫ್‌ಕೆಎಂ ಸಿಕ್ಕಿದ್ರೆ ಹಾಕಿ.

ಇನ್ನು "30 ವರ್ಷ ಹಳೆ ಸ್ಟಾಕ್, ಪ್ಯಾಕೆಟ್ ಒಡೆದಿಲ್ಲ ಬ್ರೋ" ಅಂತ ಸ್ಟೋರಿ ಹಾಕೋರು. ಕಬ್ಬಿಣದ ಭಾಗ ಆದ್ರೆ ಕಣ್ಣಿಗೊತ್ತಿಕೊಂಡು ತಗೊಳ್ಳಿ. ರಬ್ಬರ್ ಆದ್ರೆ ಬೇಡವೇ ಬೇಡ. ರಬ್ಬರ್ ಪ್ಯಾಕೆಟ್ಟೊಳಗೂ ಮುದಿಯಾಗುತ್ತೆ. ಐಎಸ್‌ಒ 2230 ಅನ್ನೋ ಮಾನದಂಡ ಚೆನ್ನಾಗಿ ಸ್ಟೋರ್ ಮಾಡಿದ ಎನ್‌ಬಿಆರಿಗೇ ಮೊದಲು 7 ವರ್ಷ, ಪರೀಕ್ಷೆ ಮಾಡಿ ಇನ್ನೊಂದು 3 ವರ್ಷ ಕೊಡುತ್ತೆ. ಜೆ.ಸಿ. ರಸ್ತೆ ಅಟ್ಟದ ಮೇಲಿನ ಶೆಕೆಯಲ್ಲಿ ಎಷ್ಟು ವರ್ಷ ಅಂತ ನೀವೇ ಲೆಕ್ಕ ಹಾಕಿ. ಹಳೆ ಲೋಗೋ ಇರೋ ಡಬ್ಬ ಶೋಕೇಸಿಗೆ ಚೆನ್ನಾಗಿರುತ್ತೆ.

4/5

ಈ ಪೋಸ್ಟ್ ಮಾತ್ರ ಓದಿದ್ರೂ ಸಾಕು. ಬ್ರೇಕ್ ವಿಷಯ.

ಬ್ರೇಕ್ ಎಣ್ಣೆ, ಅಂದ್ರೆ ಡಾಟ್ 3, ಡಾಟ್ 4, ಪೆಟ್ರೋಲಿಯಂ ಎಣ್ಣೆ ಅಲ್ಲ. ಅದು ಗ್ಲೈಕಾಲ್ ಜಾತಿ. ಅದಕ್ಕೆ ತಕ್ಕ ರಬ್ಬರ್ ಬೇರೆ: ಇಪಿಡಿಎಂ, ಎಸ್‌ಬಿಆರ್. ಆ ರಬ್ಬರಿಗೆ ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ, ಎಂಜಿನ್ ಆಯಿಲ್, ಮಾಮೂಲಿ ಗ್ರೀಸ್ ತಾಗಿದ್ರೆ ಊದ್ಕೊಳ್ಳುತ್ತೆ. ಎಣ್ಣೆ ಸೀಲಿನ ಎನ್‌ಬಿಆರಿಗೆ ಇದರ ಉಲ್ಟಾ. ಅದು ಬ್ರೇಕ್ ಎಣ್ಣೆಯಲ್ಲಿ ಹಾಳಾಗುತ್ತೆ. ಡಬ್ಬದಲ್ಲಿರೋ ಓ ರಿಂಗ್ ಎಲ್ಲಾ ಕಪ್ಪಗೆ ದುಂಡಗೆ ಒಂದೇ ತರ ಕಾಣುತ್ತೆ. ಒಂದೇ ಅಲ್ಲ.

ಒಂದು ಗ್ಯಾರೇಜಲ್ಲಿ (ಹೆಸರು ಬೇಡ) ನಾನೇ ನಿಂತು ನೋಡಿದ್ದು. ಚಕ್ರದ ಬ್ರೇಕ್ ಸಿಲಿಂಡರನ್ನ ಪೆಟ್ರೋಲಲ್ಲಿ ತೊಳೆದು, ಹೊಸ ಕಪ್ಪಿಗೆ ಬೆರಳಲ್ಲಿ ಗ್ರೀಸ್ ಸವರಿ ಕೂರಿಸ್ತಿದ್ರು. "ಭಾಯ್, ಕಿಟ್ ಹಾಳಾಗಲ್ವಾ?" ಅಂದೆ. "ನಾವು ಮೊದ್ಲಿಂದ ಹಿಂಗೇ ಮಾಡೋದು" ಅಂದ್ರು. ಕೈ ಕೆಲಸದಲ್ಲಿ ಅವ್ರು ನನ್ನ ಗುರು, ಅದರಲ್ಲಿ ಡೌಟಿಲ್ಲ. ಆದ್ರೆ ಈ ವಿಷಯದಲ್ಲಿ ನಾನು ಒಪ್ಪಲ್ಲ. ಊದಿದ ಕಪ್ ಸಿಲಿಂಡರಲ್ಲೇ ಸಿಕ್ಕೊಂಡು ಬ್ರೇಕ್ ಹಿಡಿದೇ ಇರ್ಬಹುದು, ಇಲ್ಲಾ ಕಪ್ ಹರಿದು ಪೆಡಲ್ ನೆಲಕ್ಕೆ ಹೋಗ್ಬಹುದು. ಅದು ಬ್ರಿಗೇಡ್ ಮಿಲೇನಿಯಂ ಮುಂದಿನ ಟ್ರಾಫಿಕಲ್ಲಿ ಆದ್ರೆ ಬಂಪರ್ ಹೋಗುತ್ತೆ. ಶಿರಾಡಿ ಘಾಟ್ ಇಳಿಯುವಾಗ ಆದ್ರೆ? ಬ್ರೇಕ್ ಭಾಗ ತೊಳೆಯೋಕೆ ಹೊಸ ಬ್ರೇಕ್ ಎಣ್ಣೆ ಅಥವಾ ಸ್ಪಿರಿಟ್, ಕಪ್ ಕೂರಿಸೋಕೆ ಬ್ರೇಕ್ ಎಣ್ಣೆನೇ. ಬೇರೆ ಏನೂ ಬೇಡ.

ಹಿಂದಿನ ಆಕ್ಸಲ್ ಸೀಲ್ ಸೋರಿದ್ರೂ ಕಥೆ ಇಲ್ಲಿಗೇ ಬರುತ್ತೆ. ಆ ಎಣ್ಣೆ ನೇರ ಡ್ರಮ್ಮೊಳಗೆ ಹೋಗಿ ಬ್ರೇಕ್ ಶೂಗೆ ಮೆತ್ತುತ್ತೆ. ಒಂದು ಚಕ್ರ ಹಿಡಿಯುತ್ತೆ, ಇನ್ನೊಂದು ಜಾರುತ್ತೆ.

ಪೆಟ್ರೋಲ್ ಹೋಸ್. 2023ರ ಫೆಬ್ರವರಿ 6ರಂದು ಇ20 ಪೆಟ್ರೋಲ್ ಬಿಡುಗಡೆ ಆಗಿದ್ದು ನಮ್ಮ ಬೆಂಗಳೂರಲ್ಲೇ, ಇಂಡಿಯಾ ಎನರ್ಜಿ ವೀಕಲ್ಲಿ. ನೂರರಲ್ಲಿ ಇಪ್ಪತ್ತು ಭಾಗ ಎಥೆನಾಲ್. ಕಾರ್ಬ್ಯುರೇಟರ್ ಜಿಪ್ಸಿ ಮಾಡಿದಾಗ ಇಷ್ಟು ಎಥೆನಾಲ್ ಯಾರೂ ಲೆಕ್ಕಕ್ಕೆ ಇಟ್ಕೊಂಡಿರ್ಲಿಲ್ಲ. ಹಳೆ ರಬ್ಬರ್ ಮೆತ್ತಗಾಗುತ್ತೆ, ಬಿರುಕು ಬಿಡುತ್ತೆ, ಕೆಳಗೇ ಬಿಸಿ ಎಕ್ಸಾಸ್ಟ್ ಇರುತ್ತೆ. ಹೋಸ್ ಮೇಲೆ ಎಸ್‌ಎಇ ಜೆ30 ಆರ್9 ಅಂತ ಬರೆದಿರೋದು ಹುಡುಕಿ ತಗೊಳ್ಳಿ. ಅದರ ಒಳಪದರ ಎಥೆನಾಲ್ ತಡೆಯುತ್ತೆ. ಏನೂ ಬರೆಯದ ಕಪ್ಪು ಪೈಪ್ ಮೀಟರ್ ಲೆಕ್ಕದಲ್ಲಿ ಕೊಟ್ರೆ ತಗೋಬೇಡಿ.

ಸಿಲಿಕಾನ್ ಗಮ್ ಬಗ್ಗೆ ಒಂದೇ ಮಾತು: ಕಮ್ಮಿ. ಸಂಪ್ ಸುತ್ತ ಹೊರಗೆ ಎಷ್ಟು ಉಕ್ಕಿ ಬಂದಿದೆಯೋ ಒಳಗೂ ಅಷ್ಟೇ ಉಕ್ಕಿರುತ್ತೆ. ಅದು ಕಿತ್ತು ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿದ್ರೆ ಎಂಜಿನ್ನೇ ಹೋಯ್ತು.

5/5

"ಬಿಕಾಂ ಓದೋನಿಗೆ ಇದೆಲ್ಲ ಯಾಕೆ" ಅಂತ ನಮ್ಮ ಕ್ಲಾಸಿನ ಗ್ರೂಪಲ್ಲೇ ಒಬ್ಬ ಕೇಳಿದ. ಲೋ, ಇದು ಪೂರ್ತಿ ಕಾಸ್ಟಿಂಗ್ ಕಣೋ. ಒಂದು ಆಕ್ಸಲ್ ಸೀಲಿನ ಬೆಲೆ ಜಯನಗರ 4ನೇ ಬ್ಲಾಕಲ್ಲಿ ಇಬ್ಬರು ಕೂತು ತಿಂಡಿ ಕಾಫಿ ಮುಗಿಸೋ ದುಡ್ಡಿನ ಆಸುಪಾಸು. ಅದನ್ನ ಬದಲಾಯಿಸೋಕೆ ಚಕ್ರ, ಡ್ರಮ್, ಶಾಫ್ಟ್ ಬಿಚ್ಚೋ ಕೂಲಿ ಅದರ ಎಷ್ಟೋ ಪಟ್ಟು. ಈಗ ಎಲ್ಲ ಬಿಚ್ಚೇ ಇದೆ, ಕೂಲಿ ಆಗ್ಲೇ ಕೊಟ್ಟಾಗಿದೆ. ಈಗ ಸೀಲ್ ಹಾಕಿದ್ರೆ ಖರ್ಚು ಸೀಲಿಂದು ಮಾತ್ರ. "ಇದು ಇನ್ನೂ ಚೆನ್ನಾಗಿದೆ, ನಡೆಯುತ್ತೆ" ಅಂತ ಹಳೇದನ್ನೇ ಬಿಟ್ರೆ, ಮುಂದಿನ ವರ್ಷ ಅದೇ ಕೂಲಿ ಇನ್ನೊಂದು ಸಲ ಕೊಡ್ಬೇಕು.

ಬಿಲ್ ತಗೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಆಟೋ ಬಿಡಿಭಾಗಗಳಿಗೆಲ್ಲ ಜಿಎಸ್‌ಟಿ ಶೇ. 18. ಅದಕ್ಕೂ ಮೊದ್ಲು ಬಹಳಷ್ಟಕ್ಕೆ ಶೇ. 28 ಇತ್ತು. "ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ಕೊಡ್ತೀನಿ" ಅನ್ನೋ ಮಾತಿಗೆ ಮೊದಲಿನಷ್ಟು ಬೆಲೆನೂ ಈಗಿಲ್ಲ. ಬಿಲ್ ಇಲ್ಲದ ನಕಲಿ ಸೀಲನ್ನ ವಾಪಸ್ ತಗೊಂಡು ಹೋದ್ರೆ ಯಾರೂ ಮುಖ ಕೊಟ್ಟು ಮಾತಾಡಲ್ಲ.

ಇನ್ನು ಹಳೆ ಡೈಲಾಗು: "ಜೀಪ್ ಅಂದ್ಮೇಲೆ ಎಣ್ಣೆ ಸೋರ್ಲೇಬೇಕು ಮಚ್ಚಾ, ಸೋರಿಲ್ಲ ಅಂದ್ರೆ ಎಣ್ಣೆ ಖಾಲಿ ಅಂತ." ಮೊದಲ ಸಲ ನಾನೂ ನಕ್ಕಿದ್ದೆ. ಆದ್ರೆ ಆ ಎಣ್ಣೆ ಎಲ್ಲಿ ಬೀಳುತ್ತೆ ನೋಡಿ. ಸಿಗ್ನಲಲ್ಲಿ ಗಾಡಿ ನಿಲ್ಲೋ ಜಾಗದಲ್ಲಿ, ಅಂದ್ರೆ ಸ್ಕೂಟರ್ ಬಂದು ಬ್ರೇಕ್ ಹಾಕೋ ಜಾಗದಲ್ಲಿ. ಮೊದಲ ಮಳೆ ಬಿದ್ದ ಸಂಜೆ ಬಿಟಿಎಂ ಕಡೆ ಗಾಡಿ ಓಡಿಸಿದವ್ರಿಗೆ ಆ ಕಾಮನಬಿಲ್ಲಿನ ಬಣ್ಣದ ರೋಡ್ ಗೊತ್ತಿರುತ್ತೆ. ನಮ್ಮಲ್ಲಿ ಮುಕ್ಕಾಲು ಜನ ಕಾಲೇಜಿಗೆ ಬರೋದು ಆಕ್ಟಿವಾ, ಡಿಯೋದಲ್ಲೇ. ಉಳಿದಿದ್ದು ಚರಂಡಿ, ರಾಜಕಾಲುವೆ ಹಿಡಿದು ಕೆರೆಗೆ. ಇದರಲ್ಲಿ ತಮಾಷೆ ಏನಿದೆ ನನಗಂತೂ ಕಾಣ್ತಿಲ್ಲ.

ದುಡ್ಡಿಲ್ಲ ಅಂದ್ರೆ ಒಪ್ತೀನಿ, ನನ್ನ ಹತ್ರಾನೂ ಇಲ್ಲ. ಅದಕ್ಕೇ ನಮ್ಮ ಗಾಡಿ ಇನ್ನೂ ಸವೆದ ಹಳೆ ಟೈರ್ ಮೇಲೆ ಶೆಡ್ಡಲ್ಲೇ ನಿಂತಿದೆ. ಟೈರ್ ಹಾಕೋ ತನಕ ರೋಡಿಗೆ ಇಳಿಸಲ್ಲ.

ಮುಂದಿನ ಭಾಗದಲ್ಲಿ ಬೋಲ್ಟು ನಟ್ಟು. ಜಿಪ್ಸಿಯ ಎಂ10 ಬೋಲ್ಟಿನ ಎಳೆ 1.25, ಹಾರ್ಡ್‌ವೇರ್ ಅಂಗಡೀಲಿ ಕೇಳಿದ ತಕ್ಷಣ ಕೊಡೋದು 1.5, ಬಲವಂತವಾಗಿ ತಿರುಗಿಸಿದ್ರೆ ಏನಾಗುತ್ತೆ ಅಂತ ಫೋಟೋ ಸಮೇತ ಹಾಕ್ತೀನಿ. ಅಷ್ಟರಲ್ಲಿ ಜೆಪಿ ನಗರ, ಬನಶಂಕರಿ ಕಡೆ ಯಾರ ಹತ್ರನಾದ್ರೂ ಸರಿಯಾಗಿರೋ ವರ್ನಿಯರ್ ಇದ್ರೆ ಶನಿವಾರ ಒಂದಿನಕ್ಕೆ ಕೊಡಿ. ಡಿಎಂ ಮಾಡಿ, ನಾನೇ ಬಂದು ಇಸ್ಕೊಂಡು ಹೋಗ್ತೀನಿ.

#ಜಿಪ್ಸಿಕಟ್ಟೋಕಥೆ #ಜೆಸಿರಸ್ತೆ #ಬೆಂಗಳೂರುದಕ್ಷಿಣ #ಸೀಲ್‌ಮೊದ್ಲು