ಹಿಮೋಗ್ಲೋಬಿನ್ ಕಮ್ಮಿನಾ? ಬೀಟ್‌ರೂಟ್‌ಗಿಂತ ಮುಂಚೆ ಒಂದು ಪ್ರಶ್ನೆ

ಕ್ಯಾಂಪಸ್‌ನಲ್ಲಿ ರಕ್ತದಾನ ಶಿಬಿರ ನಡೆದಾಗಲೆಲ್ಲ ಒಂದಷ್ಟು ಜನ ರಕ್ತ ಕೊಡದೇ ವಾಪಸ್ ಬರ್ತಾರೆ. ಡೆಸಿಲೀಟರ್‌ಗೆ 12.5 ಗ್ರಾಂ ಹಿಮೋಗ್ಲೋಬಿನ್ ಇಲ್ಲದಿದ್ದರೆ ರಕ್ತ ತಗೊಳ್ಳಲ್ಲ. ಅವರಿಗೆ ನಾವೆಲ್ಲ ಕೊಡೋ ಸಲಹೆ ಒಂದೇ: ಬೀಟ್‌ರೂಟ್ ತಿನ್ನು, ಖರ್ಜೂರ ತಿನ್ನು, ಐರನ್ ಮಾತ್ರೆ ತಗೋ. ಅಲ್ಲಿಗೆ ವಿಷಯ ಮುಗೀತು.

ಆದರೆ ಇದು ಅಷ್ಟು ಸಣ್ಣ ವಿಷಯ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ 47.8% ಜನರಿಗೆ ರಕ್ತಹೀನತೆ ಇದೆ. ಇವರಲ್ಲಿ ತುಂಬಾ ಜನರಿಗೆ ಕಬ್ಬಿಣದ ಕೊರತೆ ಇರೋದು ನಿಜ. ನಮ್ಮ ತಕರಾರು ಇಷ್ಟೇ: ಎಲ್ಲ ರಕ್ತಹೀನತೆಗೂ ಅದೇ ಕಾರಣ ಅಂತ ಪರೀಕ್ಷೆ ಮಾಡದೇ ತೀರ್ಮಾನಿಸಬಾರದು.

ದೇಹದಲ್ಲಿ ತುಂಬಾ ದಿನದಿಂದ ಸೋಂಕು ಅಥವಾ ಉರಿಯೂತ ಇದ್ದರೆ ಲಿವರ್ ಹೆಪ್ಸಿಡಿನ್ ಅನ್ನೋ ಹಾರ್ಮೋನನ್ನು ಹೆಚ್ಚು ತಯಾರಿಸುತ್ತೆ. ಇದು ಕರುಳಿನಿಂದ ಮತ್ತು ಶೇಖರಣೆಯಾದ ಜೀವಕೋಶಗಳಿಂದ ಕಬ್ಬಿಣ ರಕ್ತಕ್ಕೆ ಬರೋ ದಾರಿ ಮುಚ್ಚುತ್ತೆ. ರೋಗಾಣುಗಳು ಬೆಳೆಯೋಕೂ ಕಬ್ಬಿಣ ಬೇಕು, ಹಾಗಾಗಿ ದೇಹ ಅದನ್ನ ಬಚ್ಚಿಡುತ್ತೆ. ಗೋದಾಮಿನಲ್ಲಿ ಸ್ಟಾಕ್ ಇದೆ, ಗೇಟಿಗೆ ಬೀಗ ಬಿದ್ದಿದೆ. ಕೆಂಪು ರಕ್ತಕಣ ತಯಾರಿಸೋ ಅಸ್ಥಿಮಜ್ಜೆಗೆ ಮಾತ್ರ ಸಪ್ಲೈ ಇಲ್ಲ. ಇಂಥ ಹೊತ್ತಲ್ಲಿ ನುಂಗಿದ ಮಾತ್ರೆಯೂ ಸರಿಯಾಗಿ ರಕ್ತಕ್ಕೆ ಸೇರಲ್ಲ.

ಹಾಗಾದ್ರೆ ಪರೀಕ್ಷೆ ಮಾಡಿಸಿದ್ರೆ ಗೊತ್ತಾಗಲ್ವಾ? ಇಲ್ಲೇ ಇರೋದು ಎಡವಟ್ಟು. ದೇಹದ ಕಬ್ಬಿಣದ ಸ್ಟಾಕ್ ಅಳೆಯೋಕೆ ಲ್ಯಾಬ್‌ನಲ್ಲಿ ಫೆರಿಟಿನ್ ನೋಡ್ತಾರೆ. ಎಂಜಿನಿಯರಿಂಗ್ ಭಾಷೆಯಲ್ಲಿ ಹೇಳೋದಾದ್ರೆ, ಫೆರಿಟಿನ್ ಎರಡು ಇನ್‌ಪುಟ್‌ಗೆ ರಿಯಾಕ್ಟ್ ಮಾಡೋ ಸೆನ್ಸರ್. ಕಬ್ಬಿಣ ಹೆಚ್ಚಾದರೂ ಏರುತ್ತೆ, ಉರಿಯೂತ ಇದ್ದರೂ ಏರುತ್ತೆ. ತಾಪಮಾನಕ್ಕೂ ರೀಡಿಂಗ್ ಬದಲಾಗೋ ಸ್ಟ್ರೇನ್ ಗೇಜನ್ನು ಕಾಂಪೆನ್ಸೇಷನ್ ಇಲ್ಲದೆ ನಾವು ನಂಬ್ತೀವಾ? ಲ್ಯಾಬ್ ರೆಕಾರ್ಡ್‌ಗೆ ಸಹಿನೂ ಸಿಗಲ್ಲ!

ಇದಕ್ಕೆ ಕಾಂಪೆನ್ಸೇಷನ್ ಇದೆ. ಉರಿಯೂತ ತೋರಿಸೋ ಸಿಆರ್‌ಪಿ ಪರೀಕ್ಷೆಯನ್ನು ಫೆರಿಟಿನ್ ಜೊತೆಗೇ ಮಾಡಿಸೋದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಪ್ರಕಾರ ಆರೋಗ್ಯವಂತ ವಯಸ್ಕರಲ್ಲಿ ಫೆರಿಟಿನ್ ಲೀಟರ್‌ಗೆ 15 ಮೈಕ್ರೋಗ್ರಾಂಗಿಂತ ಕಮ್ಮಿ ಇದ್ದರೆ ಕಬ್ಬಿಣದ ಕೊರತೆ. ಸೋಂಕು ಅಥವಾ ಉರಿಯೂತ ಇದ್ದವರಲ್ಲಿ ಈ ಗಡಿ 70. ಅಂದ್ರೆ 45 ಅನ್ನೋ ಒಂದೇ ಸಂಖ್ಯೆ ಒಬ್ಬರಿಗೆ ನೆಮ್ಮದಿ, ಇನ್ನೊಬ್ಬರಿಗೆ ಎಚ್ಚರಿಕೆ. ರಿಪೋರ್ಟ್‌ನಲ್ಲಿ ಸಿಆರ್‌ಪಿ ಇಲ್ಲದಿದ್ದರೆ ಇಬ್ಬರಲ್ಲಿ ನಾವು ಯಾರು ಅಂತ ಹೇಳೋದು ಹೇಗೆ?

ಇದೇನೂ ವಿದೇಶದ ಮಾತಲ್ಲ. 2016-18ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಮಕ್ಕಳು ಮತ್ತು ಹದಿಹರೆಯದವರಿಗೆ ನಡೆಸಿದ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ ಫೆರಿಟಿನ್ ಜೊತೆ ಸಿಆರ್‌ಪಿಯನ್ನೂ ಅಳೆದಿದ್ದರು. ದೇಶದ ಲೆಕ್ಕಕ್ಕೆ ಬೇಕಾದ ಎಚ್ಚರ ಒಬ್ಬ ವಿದ್ಯಾರ್ಥಿನಿಯ ರಿಪೋರ್ಟ್‌ಗೆ ಬೇಡವೇ?

ಬೀಗ ಯಾಕೆ ಬಿತ್ತು ಅಂತ ಹುಡುಕೋದು ಇನ್ನೂ ಮುಖ್ಯ. ಸಂಧಿವಾತ, ಕಿಡ್ನಿ ಕಾಯಿಲೆ, ಕ್ಷಯ, ಹೀಗೆ ಕಾರಣಗಳು ಹಲವು. ಹೆಬ್ಬಾಳದಿಂದ ಮೆಜೆಸ್ಟಿಕ್ ಕಡೆ ಬಸ್ಸಲ್ಲಿ ಹೋಗುವಾಗ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸಿಗುತ್ತೆ. 1959ರಲ್ಲಿ ಶುರುವಾದ ಸಂಸ್ಥೆ ಅದು. ಆದರೂ ಕ್ಷಯ ಅಂದ್ರೆ ನಮಗೆ ಹಳೇ ಸಿನಿಮಾದ ಕಾಯಿಲೆ. ಹಾಸ್ಟೆಲ್‌ನಲ್ಲಿ ಒಬ್ಬರಿಗೆ ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ, ಜೊತೆಗೆ ಹಿಮೋಗ್ಲೋಬಿನ್ ಕಮ್ಮಿ. ಇವರಿಗೆ ಬರೀ ಐರನ್ ಮಾತ್ರೆ ಕೊಟ್ಟರೆ ತಿಂಗಳುಗಳು ವ್ಯರ್ಥ, ರೂಮಿನಲ್ಲಿ ಇರೋರಿಗೂ ಅಪಾಯ. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತವಾಗಿ ಆಗುತ್ತೆ.

ಎಲ್ಲರಿಗೂ ಎಲ್ಲ ಟೆಸ್ಟ್ ಮಾಡಿಸಿ ಅಂತ ನಾವು ಹೇಳ್ತಿಲ್ಲ, ಅದಕ್ಕೆ ದುಡ್ಡೂ ಬೇಕು. ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಿ ಅಂತಲೂ ಅಲ್ಲ. ಕೇಳ್ತಿರೋದು ಎರಡೇ. ಶಿಬಿರದಿಂದ ವಾಪಸ್ ಬಂದವರ ಕೈಗೆ ಅವರ ಹಿಮೋಗ್ಲೋಬಿನ್ ಸಂಖ್ಯೆ ಬರೆದ ಚೀಟಿ ಕೊಡಿ, ವೈದ್ಯರನ್ನ ನೋಡಿ ಅಂತ ಹೇಳಿ. ಮಾತ್ರೆ ತಗೊಂಡರೂ ಏರದಿದ್ದರೆ, ಅಥವಾ ಕೆಮ್ಮು, ಜ್ವರ, ಕೀಲುನೋವು ಇದ್ದರೆ, ವೈದ್ಯರ ಹತ್ತಿರ ನೀವೇ ಕೇಳಿ: "ಫೆರಿಟಿನ್ ಜೊತೆ ಸಿಆರ್‌ಪಿನೂ ನೋಡೋಣವಾ, ಡಾಕ್ಟ್ರೇ?"