ಮನೆಗೇ ಮೇಷ್ಟ್ರು ಬಂದರೆ ಸಾಕೇ?

‘ತೀವ್ರ ಅಂಗವೈಕಲ್ಯವಿರುವ ಮಕ್ಕಳಿಗೆ ಮನೆಯಲ್ಲೇ ಕಲಿಸುವುದು ಮಗುವಿಗೂ ತರಗತಿಗೂ ಒಳ್ಳೆಯದು, ಸಾಮಾನ್ಯ ಶಿಕ್ಷಕರಿಗೆ ಆ ತರಬೇತಿಯಿಲ್ಲ’ ಎಂಬುದು ಕಳೆದ ವಾರ ಪ್ರಕಟವಾದ ಲೇಖನದ ವಾದ. ತರಬೇತಿಯ ಮಾತು ನಿಜ. ಅದರಿಂದ ಲೇಖಕರು ತಲುಪಿದ ತೀರ್ಮಾನ ತಪ್ಪು.

ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ಗೃಹಾಧಾರಿತ ಶಿಕ್ಷಣವನ್ನು ಆರಿಸಿಕೊಳ್ಳುವ ಹಕ್ಕನ್ನು ಬಹುವಿಧ ಅಥವಾ ತೀವ್ರ ಅಂಗವೈಕಲ್ಯವಿರುವ ಮಗುವಿಗೆ ಕೊಟ್ಟಿದೆ. ಮಗುವನ್ನು ಮನೆಗೆ ಕಳಿಸುವ ಅಧಿಕಾರವನ್ನು ಶಾಲೆಗೆ ಕೊಟ್ಟಿಲ್ಲ.

‘ಶಿಕ್ಷಕರೇ ಮನೆಗೆ ಬರುತ್ತಾರಲ್ಲ’ ಎನ್ನುತ್ತಾರೆ ಲೇಖಕರು. ನಮ್ಮ ರಾಜ್ಯದಲ್ಲಿ ಈ ಕೆಲಸ ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರ (ಬಿ.ಐ.ಇ.ಆರ್.ಟಿ.) ಹೆಗಲ ಮೇಲಿದೆ. ಶಾಲೆಗಳ ಭೇಟಿ, ವೈದ್ಯಕೀಯ ತಪಾಸಣಾ ಶಿಬಿರಗಳ ಓಡಾಟವೂ ಅವರದೇ. ಅವರು ವಾರಕ್ಕೊಮ್ಮೆ ತಪ್ಪದೆ ಬಂದರೂ ಉಳಿದ ದಿನ ಕಲಿಸುವವರು ಯಾರು? ಕೂಲಿ ಬಿಟ್ಟು ಮನೆಯಲ್ಲಿ ಕೂತ ಅವ್ವ. ಬಿಸಿಯೂಟಕ್ಕೆ ಸಾಲಾಗಿ ಕೂರುವುದು, ಗೆಳೆಯನ ಜೊತೆ ಟೂ ಬಿಟ್ಟು ಮತ್ತೆ ರಾಜಿಯಾಗುವುದು, ಹಾಜರಿ ಕೂಗಿದಾಗ ತನ್ನ ಹೆಸರಿಗೆ ಕಾಯುವುದು ಇವೂ ಕಲಿಕೆಯೇ. ಇವನ್ನು ಯಾವ ಮೇಷ್ಟ್ರೂ ಚೀಲದಲ್ಲಿ ಹೊತ್ತು ತರಲಾರರು. ‘ತರಗತಿಗೆ ತೊಂದರೆ’ ಎಂಬ ಮಾತಿಗಂತೂ ಲೇಖನದಲ್ಲಿ ಒಂದೇ ಒಂದು ಆಧಾರವಿಲ್ಲ.

ಇನ್ನು ತರಬೇತಿ. ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ, ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು ಕೇಂದ್ರ ಸರ್ಕಾರ 2022ರಲ್ಲೇ ಅಧಿಸೂಚಿಸಿದೆ. ಅದರಂತೆ ಹುದ್ದೆ ಮಂಜೂರು ಮಾಡಲು 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ನಿರ್ದೇಶಿಸಿದೆ. ಶಿಕ್ಷಕರ ಕೊರತೆಯನ್ನು ಸರಿಯಾಗಿಯೇ ಗುರುತಿಸಿದ ಲೇಖಕರು ಆ ಹುದ್ದೆಗಳನ್ನು ತುಂಬಿ ಎಂದು ಸರ್ಕಾರವನ್ನು ಕೇಳಲಿ.